ಎರಡನೆಯ ವಿಂಡೋ ಕಾರ್ಬನ್ ಕಾಪಿಯಲ್ಲ, ಅಪ್ಪಾ

ಅಪ್ಪಾ,

ಚೆನ್ನಾಗಿದ್ದೀಯಾ ಎಂದು ಕೇಳುವ ಮನಸ್ಸಿಲ್ಲ. ನಿನ್ನ ಮೇಲೆ ಕೆಟ್ಟ ಸಿಟ್ಟು ಬಂದಿದೆ. ಎದುರಿಗಿದ್ದರೆ ಜಗಳವಾಡಬಹುದಿತ್ತು. ಹಾರ ಹಾಕಿಸಿಕೊಂಡು ಗೋಡೆ ಮೇಲೆ ಕೂತವನ ಹತ್ತಿರ ಏನಾಡಲಿ?

ಚಾಮರಾಜನಗರದ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ಬಂದ ದಿನ ನೆನಪಿದೆಯಾ? ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದ ನಿನಗೆ ಎಲ್ಲಕ್ಕೂ ಕಾರ್ಬನ್ ಕಾಪಿ ಇರಲೇಬೇಕು. "ತಿದ್ದೋದು, ಗೀಚೋದು ಎಲ್ಲ ಕಾಪಿ ಮ್ಯಾಲೆ ಕಣಮ್ಮಿ. ಮ್ಯಾಲಿನ್ ಆಳೆ ಮುಟ್ಬ್ಯಾಡ" ಎನ್ನುತ್ತಿದ್ದೆ.

ಗುಂಡ್ಲುಪೇಟೆಯ ಕಣ್ಣಿನ ಶಿಬಿರಕ್ಕೆ ಉಮ್ಮತ್ತೂರಿನ, ಹಂಗಳದ ವಯಸ್ಸಾದವರ ಹೆಸರುಗಳನ್ನು ಮೂರು ದಿನ ಕೂತು ಕಂಪ್ಯೂಟರಿನಲ್ಲಿ ಟೈಪ್ ಹೊಡೆದವಳು ನಾನು. ಹೆಸರು ಬರೆದಿದ್ದ ಚೀಟಿಗಳನ್ನು ನೀನು ಒಲೆಗೆ ಹಾಕಿದೆ. "ಕಂಪ್ಯೂಟರ್ ಒಳ್ಗೇ ಅದೆಯಲ್ಲ, ಇನ್ಯಾಕೆ ಈ ಕಸ?"

ಶಿಬಿರದ ದಿನ ಹಂಗಳದವರು ಬಸ್ಸಿಳಿದು ಬಂದರೆ ಪಟ್ಟಿಯಲ್ಲಿ ಒಬ್ಬರ ಹೆಸರೂ ಇಲ್ಲ. ಹೆಸರಿಲ್ಲದವರಿಗೆ ಆಪರೇಷನ್ ಇಲ್ಲವೆಂದು ವಾಪಸು ಕಳಿಸಿದರು. ಅವರಲ್ಲಿ ನಿನ್ನ ಸ್ವಂತ ಅಕ್ಕ, ನಮ್ಮ ಹಂಗಳದ ಅತ್ತೆಯೂ ಇದ್ದಳು. ಶಿಬಿರದವರು ರೇಗುತ್ತ ಬಂದಾಗ ನೀನು ನನ್ನತ್ತ ಬೆರಳು ತೋರಿಸಿದೆ. "ಇವ್ಳೇ ಅಳಿಸ್ಬುಟ್ಟವ್ಳೆ ಸಾರ್. ಎಣ್ಮಕ್ಕಳ್ ಕೈಗೆ ಕೊಟ್ಟಿದ್ದು ನಂದೇ ತಪ್ಪು." ಅಂದಿನಿಂದ ನಾನು ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಅವಮಾನವಾಗಿ ಅತ್ತೆ ಮತ್ತೆ ಯಾವ ಶಿಬಿರಕ್ಕೂ ಹೋಗಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ನಾನಾದರೂ ನನ್ನದೇ ತಪ್ಪಿರಬೇಕು ಎಂದು ನಂಬಿದೆನಲ್ಲ...

ನೀನು ಹೋದಮೇಲೆ ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ಮೊನ್ನೆ ಸ್ಪ್ರೆಡ್‌ಶೀಟ್ ಪಾಠದಲ್ಲಿ ವಿದ್ಯಾರ್ಥಿನಿಯೊಬ್ಬಳು 'ನ್ಯೂ ವಿಂಡೋ' ಒತ್ತಿದಳು. ಅದೇ ಪಟ್ಟಿ ಎರಡು ಕಡೆ ಕಂಡಿತು, ಫೈಲಿನ ಹೆಸರಿನ ಪಕ್ಕ ಒಂದರಲ್ಲಿ 1, ಇನ್ನೊಂದರಲ್ಲಿ 2. ಎರಡನೆಯದರಲ್ಲಿ ಒಂದು ಸಾಲು ಅಳಿಸಿದಳು. ಮೊದಲನೆಯದರಲ್ಲೂ ಹೋಯಿತು! ಇರುವುದು ಒಂದೇ ಫೈಲು, ಕಾಣುವುದಷ್ಟೇ ಎರಡು ಕಡೆ. ಆಗ ಆ ಶಿಬಿರದ ಪಟ್ಟಿ ನೆನಪಾಯಿತು. ಉಮ್ಮತ್ತೂರಿನವರ ಬಸ್ಸಿಗೆ ಬೇರೆ ಪಟ್ಟಿ ಬೇಕೆಂದು ಶಿಬಿರದ ಹಿಂದಿನ ದಿನ ಕಂಪ್ಯೂಟರ್ ಮುಂದೆ ಕೂತವನು ನೀನು. ಎರಡನೆಯ ವಿಂಡೋವನ್ನು ಕಾಪಿ ಎಂದುಕೊಂಡು ಹಂಗಳದವರನ್ನೆಲ್ಲ ಅಳಿಸಿ ಸೇವ್ ಮಾಡಿದವನೂ ನೀನೇ.

ತಪ್ಪು ಯಾರು ಮಾಡುವುದಿಲ್ಲ? ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಅವ್ವನಿಗೆ ಹೇಳಿದರೆ ಅವಳು ಸೊಪ್ಪು ಸೋಸುತ್ತ ತಲೆಯನ್ನೇ ಎತ್ತಲಿಲ್ಲ. "ನಿಮ್ಮಪ್ಪನ್ಗೆ ವಾರದೊಳ್ಗೇ ಗೊತ್ತಾಗಿತ್ತು ಕಣಮ್ಮಿ. ಮೇಷ್ಟ್ರೇ ತಪ್ಪು ಮಾಡವ್ರೆ ಅಂದ್ರೆ ಕಲಿಯಕೆ ಯಾರ್ ಬಂದಾರು, ಸುಮ್ಕಿರು ಅಂದ್ಬುಟ್ರು."

ವಾರದೊಳಗೆ! ಆಮೇಲೆ ನಾಲ್ಕು ವರ್ಷ ನಾನು ಬಡಿಸಿದ್ದನ್ನು ಉಂಡೆಯಲ್ಲ, ಒಂದು ದಿನವೂ ಮುದ್ದೆ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲವಾ? ನಿನಗೆ ಇನ್‌ಸ್ಟಿಟ್ಯೂಟಿನ ಹೆಸರು ದೊಡ್ಡದಾಯಿತು, ಮಗಳ ಹೆಸರು...

ಇನ್ನು ಪ್ರತಿ ಬ್ಯಾಚಿಗೂ ಮೊದಲ ಪಾಠ ಈ ಎರಡು ವಿಂಡೋಗಳದ್ದೇ. ಯಾರು ಮಾಡಿದ ತಪ್ಪೆಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ. ನೀನು ನನ್ನದನ್ನು ಹೇಳಲಿಲ್ಲವೇ?

ಭಾನುವಾರ ಹಂಗಳಕ್ಕೆ ಹೋಗುತ್ತಿದ್ದೇನೆ. ಅತ್ತೆಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ, ಅಪ್ಪಾ. ಬಂದವಳು ನಾನು ಎಂದು ಮೊದಲು ಕೈ ಹಿಡಿದು ಹೇಳಬೇಕು. ಆಮೇಲೆ, "ಅಳಿಸಿದ್ದು ನಾನಲ್ಲ ಕಣತ್ತೆ, ನಿನ್ ತಮ್ಮ."