ಉಪ್ಪು ಹಾಕದ ಕೋಳಿ ಸಾರು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಚಿಣ್ಣಿ,

ಫೋನ್ ಎತ್ತಬಾರದು ಎಂದು ಹಟ ಹಿಡಿದು ಕೂತಿದ್ದೀಯಲ್ಲ, ಅದಕ್ಕೇ ಈ ಕಾಗದ. ಇದನ್ನೂ ಓದದೆ ಹರಿದು ಹಾಕಿದರೆ ನಿನ್ನ ಕಿವಿ ಹಿಂಡಲು ನಾನೇ ಹೊರಟು ಬರಬೇಕಾಗುತ್ತದೆ.

ನಿಮ್ಮಣ್ಣ ಹೋಗಿ ಮೂರು ತಿಂಗಳಾಯಿತು. ಅಲ್ಲಿಂದ ಇಲ್ಲಿಯವರೆಗೆ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಮೊನ್ನೆ ನಿನ್ನ ಗಂಡ ಪ್ಯಾಂಟ್ ಹೊಲಿಸಲು ನಮ್ಮ ಅಂಗಡಿಗೆ ಬಂದಿದ್ದರು. ನೀನು ಮನೆಯೊಳಗೆ ಕೋಳಿ ತರಲು ಬಿಡುವುದಿಲ್ಲವಂತೆ, ಹೊಟ್ಟೆಗೆ ಸರಿಯಾಗಿ ತಿನ್ನುವುದೂ ಇಲ್ಲವಂತೆ, ‘ಅಣ್ಣನ್ನ ನಾನೇ ಕೊಂದುಬಿಟ್ಟೆ’ ಅಂತ ಗೋಡೆಯ ಕಡೆ ತಿರುಗಿ ಮಲಗುತ್ತೀಯಂತೆ. ಹೇಳುತ್ತ ಅವರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು. ನಾನು ಟೇಪು ಹಿಡಿದು ಸೊಂಟದ ಅಳತೆ ಬರೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಏನೂ ಅನ್ನಿಸಲಿಲ್ಲ.

ಇವತ್ತು ಬೆಳಿಗ್ಗೆ ಹೋಗಿ ಕೋಳಿ ತಂದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಹನ್ನೆರಡು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಳುಮೆಣಸು, ಚಕ್ಕೆ, ಲವಂಗ ಹುರಿದೆ. ಘಾಟಿಗೆ ಎದುರು ಮನೆಯ ಟೈಪಿಸ್ಟ್ ಕೆಮ್ಮುತ್ತ ಕಿಟಕಿ ಮುಚ್ಚಿಕೊಂಡಳು. ನನಗೆ ಒಂದು ಸೀನೂ ಬರಲಿಲ್ಲ. ಕಾಯಿ ಜೊತೆ ಎಲ್ಲ ನುಣ್ಣಗೆ ರುಬ್ಬಿ, ಈರುಳ್ಳಿ ಕೆಂಪಗೆ ಹುರಿದು, ಕೋಳಿ ಹಾಕಿ, ಮಸಾಲೆ ಎಣ್ಣೆ ಬಿಡುವವರೆಗೂ ಕೈಯಾಡಿಸಿದೆ. ಬಡಿಸಿಕೊಂಡು ಒಂದು ತಟ್ಟೆ ಪೂರ್ತಿ ಉಂಡೆ. ಖಾರವೂ ಇಲ್ಲ, ರುಚಿಯೂ ಇಲ್ಲ. ಬಿಸಿ ಇತ್ತು, ಅಷ್ಟೇ.

ಟೈಪಿಸ್ಟ್‌ಗೆ ಒಂದು ಬಟ್ಟಲು ಕೊಟ್ಟು ಬಂದೆ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು ಓಡಿಬಂದಳು. ‘ಅಕ್ಕಾ, ಈ ಖಾರಕ್ಕೆ ಸತ್ತವರೂ ಎದ್ದು ಕೂರ್ತಾರೆ! ಆದ್ರೆ ಉಪ್ಪೇ ಹಾಕಿಲ್ವಲ್ಲ!’ ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು, ಪಾಪ. ಹನ್ನೊಂದು ತಿಂಗಳು ನಿಮ್ಮಣ್ಣನ ಪಥ್ಯಕ್ಕೆಂದು ಉಪ್ಪು ಖಾರ ಎರಡೂ ಬಿಟ್ಟು ಬೇಯಿಸಿದ ಕೈ ಇದು. ಖಾರ ನೆನಪಾಯಿತು, ಉಪ್ಪು ಮರೆತೇಹೋಗಿತ್ತು. ಒಂದು ತಟ್ಟೆ ತಿಂದರೂ ನನಗೆ ತಿಳಿಯಲಿಲ್ಲ ನೋಡು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಅಂಗಡಿಯಲ್ಲಿದ್ದಾಗ ನೀನು ಡಬ್ಬಿಯಲ್ಲಿ ಕೋಳಿ ಸಾರು ತಂದು ಅಣ್ಣನಿಗೆ ಕೊಟ್ಟಿದ್ದು ನನಗೆ ಅವತ್ತೇ ಗೊತ್ತಾಯಿತು. ಬಾಗಿಲು ತೆಗೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷ ಬಸ್ ಓಡಿಸಿದ ಮನುಷ್ಯ, ಮಕ್ಕಳ ಹಾಗೆ ಬೆರಳುಗಳನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದರು. ಮೂರನೆಯ ದಿನ ಬೆಳಿಗ್ಗೆ ಏಳಲಿಲ್ಲ. ಹೃದಯ ಮೊದಲೇ ಸೋತಿತ್ತು, ಇವತ್ತಲ್ಲ ನಾಳೆ ಆಗುವುದೇ ಇತ್ತು ಎಂದರು ಡಾಕ್ಟರು. ನಾನು ಸಾರಿನ ಮಾತು ಎತ್ತಲಿಲ್ಲ. ನೀನು ಅಳುತ್ತ ನನ್ನ ಮುಖವನ್ನೇ ನೋಡುತ್ತಿದ್ದೆ. ನಿನ್ನ ಹತ್ತಿರವೂ ಬಾಯಿ ಬಿಡಲಿಲ್ಲ.

ನಿಮ್ಮಣ್ಣ ನನ್ನನ್ನೂ ದಿನಾ ಕೇಳುತ್ತಿದ್ದರು ಕಣೇ, ಒಂದೇ ಒಂದು ಸೌಟು ಅಂತ. ನಾನು ಜೈಲಿನ ಕಾವಲಿನವಳ ಹಾಗೆ ಗಂಜಿ ತಂದಿಡುತ್ತಿದ್ದೆ. ನೀನು ಒಂದು ದಿನ ಬಂದು ಕೊಟ್ಟು ಹೋದೆ. ಅವರ ಮುಖದಲ್ಲಿ ಅವತ್ತು ಕಂಡ ಗೆಲುವು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ನೀನು ಯಾರನ್ನೂ ಕೊಂದಿಲ್ಲ. ಊಟ ಮಾಡು. ಬರುವ ಭಾನುವಾರ ಇಲ್ಲಿಗೆ ಬಾ.

ನಿನ್ನ ದಾರಿ ಕಾಯುವ
ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅವತ್ತು ಡಬ್ಬಿಯಲ್ಲಿ ಅರ್ಧ ಸಾರು ಉಳಿದಿತ್ತು. ಸಂಜೆ ಅವರು ಇನ್ನೂ ಸ್ವಲ್ಪ ಬೇಕು ಎಂದರು. ನಾನೇ ಬಿಸಿ ಮಾಡಿ, ತಳ ಕೆರೆದು ಬಡಿಸಿದೆ. ಮೂರು ತಿಂಗಳಿಂದ ಆ ತಪ್ಪನ್ನೆಲ್ಲ ನೀನೊಬ್ಬಳೇ ಹೊತ್ತುಕೊಂಡಿರಲಿ ಎಂದು ಸುಮ್ಮನಿದ್ದೆ. ಬೈಯಬೇಕು ಅನ್ನಿಸಿದರೆ ಮನೆಗೇ ಬಂದು ಬೈ.