ತೋಳಿನ ಅಳತೆ

ಮೇ ೧೪
ಮಧ್ಯಾಹ್ನ, ಅಂಗಡಿಯಿಂದ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನೀನು ಆಸ್ಪತ್ರೆಯಿಂದ ಮನೆಗೆ ಹೋಗಿ ಹತ್ತೊಂಬತ್ತು ದಿನಗಳಾದವು. ನಾಲ್ಕು ಸಲ ಬರೆದು ಹರಿದು ಹಾಕಿದೆ. ತಡವಾದದ್ದಕ್ಕೆ ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ನನ್ನ ಫೋನು ನಿನ್ನನ್ನು ಕಾಡಿದ್ದು ಸಾಕು.

ಅಂಗಡಿ ನಡೆಯುತ್ತಿದೆ. ಶಾಲೆಯ ಸಮವಸ್ತ್ರ ಹೊಲಿಸುವ ಕಾಲ, ಎರಡು ಮಿಷನ್ನಿಗೂ ಬಿಡುವಿಲ್ಲ. ನಿನ್ನ ಅಪ್ಪ ಗುಂಡಿ ಹಚ್ಚಲು ಕೂರುತ್ತಾರೆ, ಒಂದೇ ಅಂಗಿಗೆ ಮೂರು ಬಣ್ಣದ ಗುಂಡಿ ಹಚ್ಚಿ ನನ್ನಿಂದ ಉಗಿಸಿಕೊಳ್ಳುತ್ತಾರೆ. ನಿನ್ನ ಸುದ್ದಿ ಎತ್ತುವುದಿಲ್ಲ. ಮಗುವಿಗೆಂದು ನಾನು ಹೊಲಿದಿದ್ದ ಹೊದಿಕೆಯನ್ನು ಮಡಚಿ, ನನ್ನ ಕೈಗೆ ಎಟುಕದಂತೆ ಕಪಾಟಿನ ಮೇಲಿಟ್ಟಿದ್ದಾರೆ.

ನಿನ್ನೆ ನಿನ್ನ ನಾದಿನಿ ಬಂದಿದ್ದಳು. ನಿನ್ನ ಗಂಡ ಈಗಲೂ ನಿನ್ನ ಜೊತೆ ಮಾತಾಡುತ್ತಿಲ್ಲವಂತೆ, ನೀನೂ ಗೋಡೆಗೆ ಮುಖ ಮಾಡಿ ಮಲಗಿರುತ್ತೀಯಂತೆ. "ಮಗೂನ ನಾನೇ ಕೊಂದೆ" ಅಂದೆಯಂತೆ. ಅದನ್ನು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಬಸಿರಲ್ಲಿ ಸಕ್ಕರೆ ಕಾಯಿಲೆ ಬಂದಿದೆ ಎಂದು ಡಾಕ್ಟರು ನಿನ್ನ ಎಡತೋಳಿಗೆ ಸಕ್ಕರೆ ಅಳೆಯುವ ಆ ಬಿಲ್ಲೆ ಅಂಟಿಸಿದಾಗ, ಐದೈದು ನಿಮಿಷಕ್ಕೆ ಬರುವ ಅಂಕಿ ನನ್ನ ಫೋನಿಗೂ ಬರಬೇಕೆಂದು ಹಟ ಹಿಡಿದವಳು ನಾನು. ನೂರನಲವತ್ತು ದಾಟಿದರೆ ಸಾಕು, ಕತ್ತರಿ ಬಿಟ್ಟು ಫೋನ್ ಹಿಡಿಯುತ್ತಿದ್ದೆ. ಏನು ತಿಂದೆ, ಎಷ್ಟು ತಿಂದೆ, ತಿಂದ ಮೇಲೆ ನಡೆದೆಯಾ. ಬೇಕರಿಯಲ್ಲಿ ಕೇಕಿಗೆ ಕ್ರೀಮು ಮಾಡುವವಳು ನೀನು, ರುಚಿ ನೋಡದೆ ಕೆಲಸ ಹೇಗೆ ಸಾಗೀತು? ಅದೆಲ್ಲ ನನ್ನ ತಲೆಗೆ ಹೋಗಲಿಲ್ಲ. ಅಲ್ಲಿಯವರು ನನಗೆ ಪೊಲೀಸಮ್ಮ ಎಂದು ಹೆಸರಿಟ್ಟಿದ್ದರು, ನಾನದನ್ನು ಹೊಗಳಿಕೆ ಎಂದುಕೊಂಡು ಬೀಗುತ್ತಿದ್ದೆ.

ಒಂಬತ್ತನೇ ತಿಂಗಳಲ್ಲಿ ಮನೆಯಲ್ಲೇ ಹೊಸ ಬಿಲ್ಲೆ ಹಾಕಿಕೊಂಡೆ ಎಂದೆ ನೀನು. ಅಂದಿನಿಂದ ಅಂಕಿ ತೊಂಬತ್ತು, ನೂರು, ನೂರಹತ್ತು. ಡಾಕ್ಟರೂ ಅದನ್ನು ನೋಡಿ ಮೆಚ್ಚಿದರು, ಇನ್ಸುಲಿನ್ ಏರಿಸುವ ಮಾತು ಬಿಟ್ಟರು. ಅದು ನಿನ್ನ ಜೊತೆಗೇ ಬೇಕರಿಗೆ ಹೋಗಿಬರುವ ನಾದಿನಿಯ ಸಕ್ಕರೆ, ಬಿಲ್ಲೆ ಇದ್ದದ್ದು ಅವಳ ತೋಳಿನಲ್ಲಿ ಎಂದು ಅವರಿಗೆ ಗೊತ್ತಾದದ್ದು ಎರಡು ವಾರ ಕಳೆದು, ಮಗುವಿನ ಎದೆಬಡಿತ ಸಿಗದೆ ಹೋದ ದಿನ. ನಿನ್ನ ಬೆರಳು ಚುಚ್ಚಿ ನೋಡಿದರೆ ಇನ್ನೂರೆಂಬತ್ತು. "ಅಮ್ಮನ ಫೋನ್ ತಡ್ಕೊಳ್ಳಕ್ಕಾಗ್ಲಿಲ್ಲ ಡಾಕ್ಟ್ರೇ" ಅಂದೆ ನೀನು. ನಾನು ಬಾಗಿಲಲ್ಲೇ ನಿಂತಿದ್ದೆ.

ಸಕ್ಕರೆಯೊಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು ಎಂದರು ಡಾಕ್ಟರು. ಆ ಮಾತಿನಿಂದ ನಿನಗೆ ಸಮಾಧಾನವಾಗಿಲ್ಲ, ನನಗೂ ಆಗಿಲ್ಲ.

ಊಟ ಬಿಡಬೇಡ. ಎದೆಯಲ್ಲಿ ಹಾಲು ಕಟ್ಟಿ ನೋವಾದರೆ ನರ್ಸಮ್ಮನಿಗೆ ಹೇಳು, ನಾಚಿಕೊಳ್ಳಬೇಡ. ನಾದಿನಿಯನ್ನು ದೂರಬೇಡ, ನಿನ್ನ ಮೇಲಿನ ಪ್ರೀತಿಗೆ ಒಪ್ಪಿದವಳು ಅವಳು. ನಿನಗೆ ಮೊದಲಿನ ನಿದ್ದೆ, ಮೊದಲಿನ ಹಸಿವು ಮರಳಿ ಬರಲಿ, ಮಗಳೇ. ನನ್ನ ಆಯುಸ್ಸಿನಲ್ಲಿ ಉಳಿದದ್ದೂ ನಿನಗೇ ಇರಲಿ.

ನಿನ್ನ
ಅಮ್ಮ

ತಾ.ಕ.: ಐದನೇ ಸಲ ಹರಿಯುವ ಮೊದಲು ಬರೆದುಬಿಡುತ್ತೇನೆ. ಹೆರಿಗೆಯಾದ ಮೇಲೆ ತೊಡುವ ಗೌನಿನ ಅಳತೆಗೆಂದು ನೀನೂ ನಾದಿನಿಯೂ ಅಂಗಡಿಗೆ ಬಂದಿದ್ದಿರಲ್ಲ, ಎದೆಬಡಿತ ಸಿಗದೆ ಹೋದ ಆ ದಿನಕ್ಕಿಂತ ಒಂಬತ್ತು ದಿನ ಮೊದಲು. ನಿನ್ನ ಎರಡೂ ತೋಳಿಗೆ ಟೇಪು ಸುತ್ತಿದೆ. ಎಡಗಡೆ ಹನ್ನೆರಡೂವರೆ ಇಂಚು, ಬಲಗಡೆ ಹನ್ನೆರಡೂಮುಕ್ಕಾಲು. ಎರಡರಲ್ಲೂ ಬಿಲ್ಲೆ ಇರಲಿಲ್ಲ. ಮೇಜಿನ ಮೇಲೆ ನನ್ನ ಫೋನು ತೊಂಬತ್ತಾರು ತೋರಿಸುತ್ತಿತ್ತು. ಬೆಂಚಿನ ಮೇಲೆ ನಿನ್ನ ನಾದಿನಿ ಆ ಸೆಖೆಯಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಕೂತಿದ್ದಳು. ನನಗೆ ಅರ್ಥವಾಯಿತು, ಗುಬ್ಬಿ. ಆದರೆ ಎಷ್ಟೋ ದಿನದ ಮೇಲೆ ಅವತ್ತು ನೀನು ನನ್ನ ಹತ್ತಿರ ನಕ್ಕು ಮಾತಾಡಿದ್ದೆ. ಕೇಳಿದರೆ ಮತ್ತೆ ಜಗಳ, ಇನ್ನು ಕೆಲವೇ ದಿನ ತಾನೆ ಎಂದುಕೊಂಡು ಅಳತೆ ಬರೆದುಕೊಂಡು ಸುಮ್ಮನಾದೆ. ಈ ಪತ್ರವನ್ನು ನಿನ್ನ ಗಂಡನ ಕೈಗೆ ಕೊಡು, ಪೂರ್ತಿ ಓದಲಿ. ಆಮೇಲೆ ನೀನು ನನ್ನನ್ನು ಅಮ್ಮಾ ಎಂದು ಕರೆಯದಿದ್ದರೂ ಸರಿ.