ನೀರ್ಗೂಡಿಕೆಯ ಕೊಡ

ಬೇಲೇಕೇರಿ ಮೇಲ್ಗುಡ್ಡ
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ನಡುಬೇಸಿಗೆಯ ಮೂರನೆಯ ತಿಂಗಳು

ಗಿರಿಜಕ್ಕನಿಗೆ ತುಳಸು ಮಾಡುವ ನಮಸ್ಕಾರ.

ನೀನು ನನ್ನ ಅಜ್ಜಿಯ ಅಜ್ಜಿಗೂ ಹಿರಿಯಳು. ಆದರೆ ನನಗೆ ಎಪ್ಪತ್ತು ದಾಟಿದೆ, ನಮ್ಮಲ್ಲಿ ಉಳಿದಿರುವ ಪಟದಲ್ಲಿ ನಿನಗೆ ಮೂವತ್ತೂ ಆಗಿಲ್ಲ. ಅದಕ್ಕೇ ಅಕ್ಕ ಎಂದು ಬರೆದೆ. ನಿನ್ನ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ನಾನೇ ಕಲಿತದ್ದು, ತಿದ್ದುವವರಿರಲಿಲ್ಲ. ಮಾತು ಒರಟಾದರೆ ಮನ್ನಿಸು. ನಡುಬೇಸಿಗೆ ಎಂದರೆ ನೀವು ಮಳೆಗಾಲ ಎನ್ನುತ್ತಿದ್ದ ತಿಂಗಳುಗಳು.

ಪಟದಲ್ಲಿ ನಿನ್ನ ಹಿಂದೆ ಒಂದು ಗಾಜಿನ ತೊಟ್ಟಿಯಿದೆ, ಅದರಲ್ಲಿ ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಕೈಯಲ್ಲೊಂದು ಮಗ್. ತಂಗಿಯ ಹೊಸ ತೊಟ್ಟಿ ಬೇಗ ಹದಕ್ಕೆ ಬರಲೆಂದು ನಿನ್ನ ತೊಟ್ಟಿಯ ನೀರನ್ನು ಒಯ್ಯಲು ಹೊರಟಾಗ ತೆಗೆದದ್ದಂತೆ. ನಿನಗೆ ಅದು ಹವ್ಯಾಸವಿದ್ದೀತು. ಹೊರಗಿನ ಕಡಲು ಬಿಸಿಯೇರಿ, ಹುಳಿಯೇರಿ, ಅಲ್ಲಿ ಜೆಲ್ಲಿ ಮೀನಿನ ಲೋಳೆ ಬಿಟ್ಟು ಬೇರೇನೂ ಉಳಿಯದ ಮೇಲೆ ನಮಗೆ ಅದೇ ಕಡಲಾಯಿತು. ಬಲೆ ಬೀಸಿದವರ ಮೊಮ್ಮಕ್ಕಳು ನಾವು ಮನೆಗೊಂದು ಉಪ್ಪುನೀರಿನ ತೊಟ್ಟಿ, ಅಂದರೆ ಮನೆಗಡಲು, ಇಟ್ಟುಕೊಂಡಿದ್ದೇವೆ. ಬೆಳಗ್ಗೆ ಎದ್ದವರು ಮೊದಲು ಉಪ್ಪುತೇಲು ನೋಡುತ್ತಾರೆ. ನೀರಿನ ಉಪ್ಪು ಹೆಚ್ಚಿದರೆ ಮೇಲೇಳುವ, ಇಳಿದರೆ ಮುಳುಗುವ ಸಣ್ಣ ಕಡ್ಡಿ ಅದು. ಆರಿದ್ದು ನೀರು ಮಾತ್ರ, ಉಪ್ಪು ಎಲ್ಲಿಗೂ ಹೋಗಿಲ್ಲ ಎಂದು ಮಕ್ಕಳಿಗೆ ಮೊದಲ ಪಾಠ ಹೇಳುತ್ತೇವೆ, ಸಿಹಿನೀರನ್ನೇ ತುಂಬಿಸುತ್ತೇವೆ. ಮೀನಿನ ಹೊಲಸು ನೀರಲ್ಲಿ ಕಣ್ಣಿಗೆ ಕಾಣದ ವಿಷವಾಗುತ್ತದೆಯಲ್ಲ, ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿಗೆ ಕಾಣದ ಒಕ್ಕಲು ಎನ್ನುತ್ತೇವೆ. ಆ ಒಕ್ಕಲು ಕಲ್ಲಿನ ಸಂದಿನಲ್ಲಿ ನೆಲೆಯೂರಿದರೆ ನೀರು ಹಣ್ಣಾಯಿತು ಎಂದರ್ಥ. ಹಸಿ ನೀರಿಗೆ ಯಾರೂ ಮೀನು ಬಿಡುವುದಿಲ್ಲ. ತಾಮ್ರದ ಪಾತ್ರೆಯಂತೂ ಹೊಸ್ತಿಲು ದಾಟುವಂತಿಲ್ಲ. ತಾಮ್ರ ಸೋಕಿದ ನೀರಿನಲ್ಲಿ ಹವಳವೂ ಶಂಖದ ಹುಳವೂ ಸಾಯುತ್ತವೆ.

ನಿನ್ನ ಆ ಮಗ್ಗಿನಿಂದಲೇ ನಮ್ಮ ನೀರ್ಗೂಡಿಕೆ ಹುಟ್ಟಿತು. ಮದುವೆಯ ದಿನ ಗಂಡಿನವರು ತಮ್ಮ ಮನೆಗಡಲಿನ ಒಂದು ಮಣ್ಣಿನ ಕೊಡ ನೀರು ತಂದು ಹೆಣ್ಣಿನ ಮನೆಗಡಲಿಗೆ ಸುರಿಯುತ್ತಾರೆ. ಆಮೇಲೆಯೇ ಊಟ.

ನನ್ನ ಮೊಮ್ಮಗಳು ಶೇವಂತಿಯ ಮದುವೆ ಕಳೆದ ವರ್ಷ ಆಚೆ ಗುಡ್ಡದ ಮಂಕಾಳನ ಜೊತೆ ಆಯಿತು. ನಮ್ಮ ತೊಟ್ಟಿಯಲ್ಲಿದ್ದದ್ದು ನಿನ್ನ ಕಿತ್ತಳೆ ಮೀನುಗಳ ಸಂತತಿ. ಊರೂರು ಹುಡುಕಿಸಿದ್ದೆವು, ಮತ್ತೆಲ್ಲೂ ಇರಲಿಲ್ಲ. ಈ ಒಂದು ಜೋಡಿ ಹೋದರೆ ಆ ಜಾತಿಯೇ ಹೋದಂತೆ. ಶೇವಂತಿ ಅವುಗಳ ಮೊಟ್ಟೆ ಕಾಯ್ದೇ ದೊಡ್ಡವಳಾದವಳು, ಈಚಿನ ವರ್ಷಗಳಲ್ಲಿ ಮರಿ ಒಂದೂ ಬದುಕಿರಲಿಲ್ಲ. ಮಂಕಾಳನ ಮನೆಯ ನೀಲಿ ಮೀನುಗಳಿಗೆ ಹಿಂದೊಮ್ಮೆ ಉಪ್ಪುಚುಕ್ಕೆ ಬಂದು ವಾಸಿಯಾಗಿತ್ತೆಂದು ಕೇಳಿದ್ದೆ. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಕಾಣುವ ರೋಗ ಅದು. ವಾಸಿಯಾದ ಮೀನು ಆರಾಮಾಗಿರುತ್ತದೆ, ನೀರಿನಲ್ಲಿ ರೋಗದ ಬೀಜ ಉಳಿದಿರುತ್ತದೆ. ಮೀನಿಲ್ಲದೆ ಎರಡೂವರೆ ತಿಂಗಳು ಇಟ್ಟರೆ ಆ ಬೀಜ ಹಸಿದು ಸಾಯುತ್ತದೆ. ಅದಕ್ಕೇ ಕೊಡವನ್ನು ಸದ್ಯ ಜಗಲಿಯಲ್ಲಿಡೋಣ, ಆಮೇಲೆ ಸುರಿದರಾಯಿತು ಎಂದು ಮೆಲ್ಲಗೆ ಕೇಳಿದೆ.

ಮಂಕಾಳನ ಸೋದರತ್ತೆ ಹೊನ್ನಮ್ಮ ತಲೆಯ ಮೇಲಿನ ಕೊಡ ಇಳಿಸಲೇ ಇಲ್ಲ. ನಿಂತಲ್ಲಿಂದಲೇ ಕೇಳಿದಳು: "ನಮ್ ಕೊಡ ಹೊರಗೆ ಇಡೂಕೆ ನಾವೇನು ಒಳಗೆ ಬರಬಾರದ ಜನವಾ, ತುಳಸಕ್ಕ?"

ಕೊಡ ಹೊರಗಿಡುವುದೆಂದರೆ ಏನೆಂದು ನಿನಗೂ ಗೊತ್ತಿರುತ್ತದೆ ಅಕ್ಕ, ಆ ಗಾಯ ನಿಮ್ಮ ಕಾಲದಿಂದಲೇ ಬಂದದ್ದು. ನಾನು ರೋಗದ ವಿಷಯ ಬಿಡಿಸಿ ಹೇಳಿದಷ್ಟೂ ಅವರಿಗೆ ಅವಮಾನ ಹೆಚ್ಚಿತು. ಕೊನೆಗೆ ಶೇವಂತಿಯೇ ಎದ್ದು ಹೋಗಿ ಕೊಡ ಇಳಿಸಿಕೊಂಡು, ನನ್ನ ಮುಖ ನೋಡದೆ ಸುರಿದಳು. ಊಟವಾಯಿತು. ನಗು, ಹಾಡು ಎಲ್ಲ ಆಯಿತು.

ಚುಕ್ಕೆ ಕಾಣಿಸಿಕೊಂಡಾಗ ಶೇವಂತಿ ಗಂಡನ ಮನೆಯಲ್ಲಿದ್ದಳು, ಹೇಳಿ ಕಳಿಸಿದ ಕೂಡಲೇ ಬಂದಳು. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು, ಕಿವಿರು ಓಡಿ ಬಂದವರ ಎದೆಯಂತೆ ಬಡಿಯುತ್ತಿತ್ತು. ಮದ್ದು ತಾಮ್ರದ್ದೇ, ಅದನ್ನು ಹವಳವಿರುವ ಮನೆಗಡಲಿಗೆ ಹಾಕುವಂತಿಲ್ಲ. ಎರಡನ್ನೂ ಬೇರೆ ಬಾನಿಗೆ ಬಿಟ್ಟೆವು. ಆ ಬಾನಿಯ ನೀರು ಹಸಿ, ಅದರಲ್ಲಿ ಒಕ್ಕಲಿಲ್ಲ. ಎಷ್ಟು ಬಾರಿ ನೀರು ಬದಲಿಸಿದರೂ ವಿಷ ಏರುತ್ತಲೇ ಹೋಯಿತು. ಚುಕ್ಕೆ ಉದುರಿತು, ಆದರೆ ಹೆಣ್ಣು ಉಳಿಯಲಿಲ್ಲ. ಹೊನ್ನಮ್ಮ ಬಂದು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದಳು. ಚಹಾ ಕುಡಿದು ಹೋದಳು.

ಈ ಜಾತಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ನಿನಗೆ ಗೊತ್ತಿರಬೇಕು. ಉಳಿದ ಒಂಟಿ ಮೀನು ಈಗ ಹೆಣ್ಣಾಗಿದೆ. ಮೊನ್ನೆ ಹೆಂಚಿನ ಚೂರಿನ ಮೇಲೆ ಮೊಟ್ಟೆಯಿಟ್ಟು ರೆಕ್ಕೆಯಿಂದ ನೀರಾಡಿಸುತ್ತ ಕಾಯುತ್ತಿತ್ತು. ಗಂಡಿಲ್ಲದ ಮೊಟ್ಟೆಗಳು, ಒಂದೊಂದಾಗಿ ಬೆಳ್ಳಗಾಗಿ ಕೆಟ್ಟವು. ಶೇವಂತಿ ಹೆಂಚನ್ನು ತೆಗೆಯಬೇಡ ಎಂದಳು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಸಾಗಿ ನಿನ್ನ ಕೈ ಸೇರೀತೋ ಇಲ್ಲವೋ, ಕಾಣೆ. ಸೇರಿದರೆ, ಆ ಮಗ್ಗಿನ ನೀರನ್ನು ತಂಗಿಯ ತೊಟ್ಟಿಗೆ ಕೂಡಲೇ ಸುರಿಯಬೇಡ. ಒಂದು ಪಾತ್ರೆಗೆ ಹಾಕಿ, ಅವಳ ಮನೆಯ ಒಳಗೇ, ದೇವರ ಪಕ್ಕದಲ್ಲಿಡು. ಒಕ್ಕಲು ಸಾಯದಂತೆ ಅವಳು ದಿನಕ್ಕೊಂದು ಚಿಟಿಕೆ ತಿನಿಸು ಹಾಕಿ, ನೀರು ಕದಡುತ್ತಿರಲಿ. ಎರಡೂವರೆ ತಿಂಗಳು ಹೀಗೆ ಕಾದು ಆಮೇಲೆ ಸುರಿಯಲಿ. ಯಾಕೆಂದು ಕೇಳಿದವರಿಗೆ ರೋಗದ ಮಾತು ಎತ್ತಬೇಡ, ಶಾಸ್ತ್ರ ಎಂದುಬಿಡು. ಬುದ್ಧಿ ಹೇಳಿದರೆ ನಮ್ಮ ಜನಕ್ಕೆ ಅವಮಾನ. ಶಾಸ್ತ್ರವೆಂದರೆ ಎಷ್ಟು ದಿನ ಬೇಕಾದರೂ ಕಾಯುತ್ತಾರೆ, ಹಾಗೊಂದು ಶಾಸ್ತ್ರವಿದ್ದಿದ್ದರೆ ಹೊನ್ನಮ್ಮನೂ ಕಾಯುತ್ತಿದ್ದಳು.